ಗಟ್ಟಿ ಶಾಕ್ಸ್ ಹಾಕಿಸಿದರೆ ಕಾರು ಮೇಲೇಳುತ್ತಾ?

ಪ್ರಶ್ನೆ: "ಸರ್, ನನ್ನದು ಹಳೇ ಪೆಟ್ರೋಲ್ ಸ್ವಿಫ್ಟ್. ದಿನಾ ಮಂಡ್ಯ–ಮೈಸೂರು ಓಡಾಟ. ಹಿಂದೆ ಮೂರು ಜನ ಕೂತರೆ ಹಂಪಿನಲ್ಲಿ ತಳ ಬಡಿಯುತ್ತದೆ. ಗಟ್ಟಿ ಗ್ಯಾಸ್ ಶಾಕ್ಸ್ ಹಾಕಿಸಿ, ಗಾಡಿ ಒಂದಿಂಚು ಮೇಲೇಳುತ್ತೆ ಅಂತಾರೆ. ಯಾವ ಕಂಪನಿದು ಹಾಕಿಸಲಿ?"

ಮದ್ದೂರಿನವರೂ ಇದನ್ನೇ ಕೇಳುತ್ತಾರೆ, ಬನ್ನೂರಿನವರೂ ಇದನ್ನೇ ಕೇಳುತ್ತಾರೆ. ಸ್ವಿಫ್ಟ್ ಜಾಗದಲ್ಲಿ ಆಲ್ಟೋ, ವ್ಯಾಗನ್ ಆರ್, ಐ10 ಬರುತ್ತದೆ, ಅಷ್ಟೇ. ಕಂಪನಿ ಹೆಸರು ಆಮೇಲೆ ನೋಡೋಣ. ಮೊದಲು ಈ "ಮೇಲೇಳುತ್ತೆ" ಅನ್ನುವುದನ್ನು ತಲೆಯಿಂದ ತೆಗೆಯಬೇಕು. ಶಾಕ್ಸ್ ಕಾರನ್ನು ಎತ್ತುವುದಿಲ್ಲ. ಹೊಸದಾದರೂ ಎತ್ತಲ್ಲ, ಗಟ್ಟಿಯಾದರೂ ಎತ್ತಲ್ಲ, ಡಬಲ್ ರೇಟ್ ಕೊಟ್ಟರೂ ಎತ್ತಲ್ಲ.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಸ್ಪ್ರಿಂಗ್ ಕುಣಿಯುವುದನ್ನು ನಿಲ್ಲಿಸುವುದು ಶಾಕ್ಸ್. ಎರಡರ ಕೆಲಸವೂ ಬೇರೆ. ನಂಬಿಕೆ ಬರದಿದ್ದರೆ ಗ್ಯಾರೇಜಿನಲ್ಲಿ ಹೊಸ ಹಿಂದಿನ ಶಾಕ್ಸ್ ಒಂದನ್ನು ಕೈಗೆ ತಗೊಳ್ಳಿ. ನೆಟ್ಟಗೆ ನಿಲ್ಲಿಸಿ, ರಾಡ್ ಮೇಲೆ ಅಂಗೈ ಇಟ್ಟು ಒತ್ತಿ. ಬಿಗಿಯಾಗಿ, ನಿಧಾನವಾಗಿ, ಒಂದೇ ಸಮನೆ ಒಳಗೆ ಹೋಗುತ್ತದೆ. ಬರೀ ಎಣ್ಣೆಯ ಶಾಕ್ಸ್ ಆದರೆ ಒತ್ತಿದ ಜಾಗದಲ್ಲೇ ಕೂರುತ್ತದೆ. ಗ್ಯಾಸಿನದಾದರೆ ಕೈ ತೆಗೆದ ಮೇಲೆ ಸಾವಕಾಶವಾಗಿ ಹೊರಗೆ ಬರುತ್ತದೆ. ಆ ಹೊರಗೆ ಬರುವುದನ್ನು ನೋಡಿಯೇ ಜನ "ನೋಡಿ, ಎತ್ತುತ್ತಿದೆ" ಅನ್ನುವುದು. ಸಣ್ಣ ಕಾರಿನ ಗ್ಯಾಸ್ ಶಾಕ್ಸ್ ಹಾಗೆ ತಳ್ಳುವುದು ಕೆಲವೇ ಕೆಜಿ ಬಲದಲ್ಲಿ. ನಿಮ್ಮ ಸ್ವಿಫ್ಟಿನ ಹಿಂದಿನ ಒಂದೊಂದು ಸ್ಪ್ರಿಂಗ್ ಮೇಲೆ ಖಾಲಿ ಇದ್ದಾಗಲೇ 150 ಕೆಜಿ ಆಸುಪಾಸು ಕೂತಿರುತ್ತದೆ. ಮೂರು ಜನ, ಮೇಲೆ ಒಂದಿಷ್ಟು ಲಗೇಜು ಸೇರಿದರೆ ಇನ್ನೂ 100 ಕೆಜಿಗಿಂತ ಜಾಸ್ತಿ. ನೀವು ಒಂದೇ ಕೈಯಲ್ಲಿ ಒತ್ತಿಬಿಟ್ಟ ಸಾಮಾನು ಇಷ್ಟು ಭಾರ ಹೊರುತ್ತಾ?

ಒಳಗೆ ಇರುವುದು ಎಣ್ಣೆ, ಸಣ್ಣ ತೂತುಗಳು ಮತ್ತು ವಾಲ್ವು. ನೀರಿನಲ್ಲಿ ಕೈ ಬೀಸಿದ ಹಾಗೆ: ಜೋರಾಗಿ ಬೀಸಿದರೆ ತಡೆ ಜಾಸ್ತಿ, ಕೈ ನಿಲ್ಲಿಸಿದರೆ ತಡೆಯೇ ಇಲ್ಲ. ನಿಂತ ಕಾರಿನಲ್ಲಿ ಶಾಕ್ಸ್‌ಗೆ ಕೆಲಸವಿಲ್ಲ. ಕೆಲಸವೇ ಇಲ್ಲದಿದ್ದ ಮೇಲೆ ಎತ್ತರ ಎಲ್ಲಿಂದ ಬರಬೇಕು?

"ನಮ್ಮ ಭಾವನ ಕಾರು ಎದ್ದಿತು ಸರ್, ಕಣ್ಣಾರೆ ನೋಡಿದೆ" ಅನ್ನುವವರಿಗೂ ಉತ್ತರ ಇದೆ. ಯಾವ ಕಾರನ್ನೇ ಆಗಲಿ ಜಾಕಿನಿಂದ ಇಳಿಸಿದ ಕೂಡಲೇ ನೋಡಿ, ಎತ್ತರವಾಗಿಯೇ ನಿಂತಿರುತ್ತದೆ. ಟೈರು, ಬುಷ್ (ಕೀಲುಗಳ ರಬ್ಬರ್) ಎಲ್ಲ ತಮ್ಮ ಜಾಗಕ್ಕೆ ಬಂದಿರುವುದಿಲ್ಲ. ಒಂದು ಸುತ್ತು ಓಡಿಸಿದರೆ ಹಳೇ ಎತ್ತರಕ್ಕೇ ಇಳಿಯುತ್ತದೆ. ಇಲ್ಲವೇ ಭಾವ ಸ್ಪ್ರಿಂಗನ್ನೂ ಬದಲಾಯಿಸಿರುತ್ತಾರೆ, ಬಿಲ್ ನೋಡಿ.

ಸುಮ್ನೆ ದುಡ್ಡು ದಂಡ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಅತಿ ಗಟ್ಟಿ ಶಾಕ್ಸ್ ನಿಮ್ಮ ತೊಂದರೆಯನ್ನು ಹೆಚ್ಚೇ ಮಾಡಬಹುದು. ಒತ್ತಿಕೊಂಡ ಸ್ಪ್ರಿಂಗ್ ಮತ್ತೆ ಬಿಚ್ಚಿಕೊಳ್ಳುವುದಕ್ಕೂ ಶಾಕ್ಸ್ ತಡೆ ಒಡ್ಡುತ್ತದೆ. ಆ ತಡೆ ವಿಪರೀತ ಆದರೆ, ಸಾಲಾಗಿ ಉಬ್ಬು ಬಂದಾಗ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮುಂದಿನ ಏಟು ಬೀಳುತ್ತದೆ. ಕಾರು ಒಂದೊಂದು ಉಬ್ಬಿಗೂ ಸ್ವಲ್ಪ ಸ್ವಲ್ಪ ಕೆಳಗೇ ಉಳಿಯುತ್ತ ಹೋಗುತ್ತದೆ. ಸಾಲಿನ ಕೊನೇ ಉಬ್ಬಿಗೆ ತಳ ಬಡಿಯುತ್ತದೆ. ಹೆದ್ದಾರಿ ಬಿಟ್ಟು ಸರ್ವೀಸ್ ರಸ್ತೆಗೆ ಇಳಿದರೆ ಇಂಥ ಸಾಲು ಎಷ್ಟು ಸಿಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

ಹಂಪುಗಳದ್ದೂ ತಪ್ಪಿದೆ ಬಿಡಿ. ಭಾರತೀಯ ರಸ್ತೆ ಕಾಂಗ್ರೆಸ್ ಮಾರ್ಗಸೂಚಿ ಪ್ರಕಾರ ಹಂಪು ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು. ಊರವರು ರಾತ್ರೋರಾತ್ರಿ ಹಾಕಿದ ದಿಬ್ಬಕ್ಕೆ ಯಾವ ಮಾರ್ಗಸೂಚಿ? ಅಲ್ಲಿ ಓರೆಯಾಗಿ, ಮೆಲ್ಲಗೆ ದಾಟುವುದೊಂದೇ ದಾರಿ.

ಈಗ ನಿಮ್ಮ ಕಾರು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿಗೆ ಟೇಪ್ ಹಿಡಿದು ಅಳೆಯಿರಿ. ಹಿಂದೆ ಎಡಕ್ಕೂ ಬಲಕ್ಕೂ ವ್ಯತ್ಯಾಸ ಎದ್ದು ಕಂಡರೆ ಸ್ಪ್ರಿಂಗಿನ ಕೊನೇ ಸುತ್ತಿಗೆ ಟಾರ್ಚ್ ಬಿಡಿ. ಕೆಸರು ಕೂತು ತುಕ್ಕು ಹಿಡಿದು ಮುರಿಯುವುದು ಹೆಚ್ಚಾಗಿ ಅಲ್ಲೇ. ಮುರಿದ ತುಂಡು ಸ್ಪ್ರಿಂಗ್ ಕೂರುವ ತಟ್ಟೆಯಲ್ಲೇ ಉಳಿದಿರುತ್ತದೆ, ಬಗ್ಗಿ ನೋಡದಿದ್ದರೆ ಗೊತ್ತೇ ಆಗಲ್ಲ. ಇದೇ ಮಾಡೆಲ್ಲಿನ ಒಳ್ಳೇ ಕಾರಿನ ಅಳತೆಗಿಂತ ಎರಡೂ ಕಡೆ ಒಂದೇ ಸಮ ಇಳಿದಿದ್ದರೆ ಸ್ಪ್ರಿಂಗ್ ಸೋತಿದೆ. ನಿಮ್ಮ ಕಾರಿನಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ಸ್ ಬೇರೆ ಇರುವುದರಿಂದ ಸ್ಪ್ರಿಂಗ್ ಜೋಡಿ ಮಾತ್ರ ಬದಲಾಯಿಸುವುದು ಸುಲಭ. ನಿಮ್ಮದೇ ಮಾಡೆಲ್ಲಿನ ಪಾರ್ಟ್ ನಂಬರ್ ಹೇಳಿ ತಗೊಳ್ಳಿ. ಒಂದೇ ಹೆಸರಿನ ಕಾರಿಗೂ ಪೆಟ್ರೋಲಿಗೊಂದು, ಡೀಸೆಲಿಗೊಂದು ಸ್ಪ್ರಿಂಗ್ ಇರಬಹುದು. ಮೇಲೆ ಬಳಿದ ಬಣ್ಣದ ಗುರುತು ಅದಕ್ಕೇ. ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಬೇಡ. ಅದು ಕೂತ ಸುತ್ತು ಕೆಲಸ ನಿಲ್ಲಿಸುತ್ತದೆ, ಉಳಿದ ಸುತ್ತುಗಳ ಮೇಲೆ ಹೊರೆ ಬೀಳುತ್ತದೆ.

ಶಾಕ್ಸ್ ಹೋಗಿದ್ದರೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿರುತ್ತದೆ. ಟೈರಿನ ಮೇಲೆ ಅಂಗೈ ಸವರಿದರೆ ಅಲ್ಲಲ್ಲಿ ಹಳ್ಳ ಸಿಗುತ್ತದೆ. ಹಂಪು ದಾಟಿದ ಮೇಲೂ ಹಿಂಭಾಗ ತೂಗಾಡುತ್ತದೆ. ಆಗ ಎಡ ಬಲ ಎರಡೂ ಒಟ್ಟಿಗೆ ಬದಲಾಯಿಸಿ. ಕಂಪನಿಯ ಒರಿಜಿನಲ್, ಇಲ್ಲವೇ ಗೇಬ್ರಿಯಲ್, ಮನ್ರೋ ತರಹದ ಹೆಸರುವಾಸಿ ಮೇಕ್, ನಿಮ್ಮ ಮಾಡೆಲ್ಲಿಗೇ ಮಾಡಿದ್ದು ಸಾಕು. ಮುಂದಿನ ಶಾಕ್ಸ್ ಆದರೆ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪ್ (ಶಾಕ್ಸ್ ಪೂರ್ತಿ ಒತ್ತಿಕೊಂಡಾಗ ಏಟು ತಡೆಯುವ ರಬ್ಬರ್) ಜೊತೆಗೇ ಹಾಕಿಸಿ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತಿರಿ. ನಟ್ಟು ತಿರುಗುತ್ತಿಲ್ಲ ಅಂತ ಹೊಳೆಯುವ ರಾಡನ್ನು ಪ್ಲೈಯರಿನಲ್ಲಿ ಕಚ್ಚಿ ಹಿಡಿದರೆ ಅಲ್ಲೇ ತಡೆಯಿರಿ. ಆ ಒಂದು ಗೀರು ಎಣ್ಣೆ ಸೀಲನ್ನು ಕೆರೆದು ಕೆರೆದು ಹೊಸ ಶಾಕ್ಸನ್ನೇ ಸೋರಿಸುತ್ತದೆ.

"ಹಾಗಾದರೆ ಗಟ್ಟಿ ಸ್ಪ್ರಿಂಗೇ ಹಾಕಿಸ್ತೀನಿ" ಅಂತೀರಿ. ಅದು ಎತ್ತುತ್ತದೆ, ನಿಜ. ಆದರೆ ವಾರದಲ್ಲಿ ಹೆಚ್ಚು ದಿನ ಕಾರಿನಲ್ಲಿ ನೀವೊಬ್ಬರೇ ಅಲ್ವಾ? ಒಬ್ಬರೇ ಹೋದರೆ ಎತ್ತಿ ಎತ್ತಿ ಹಾಕುವ ಕಾರು, ಮನೆಮಂದಿಯೆಲ್ಲ ಕೂತಾಗ ಮೆತ್ತಗೆ ಹೋಗುವುದನ್ನು ನೀವು ಈಗಲೇ ಗಮನಿಸಿರಬೇಕು. ಯಾಕೆ ಹಾಗೆ ಅಂತ ಯಾರೂ ಕೇಳುವುದಿಲ್ಲ, ನನಗೆ ಮಾತ್ರ ಹೇಳುವ ಆಸೆ. ಅದೇ ಸ್ಪ್ರಿಂಗ್ ಮೇಲೆ ತೂಕ ಜಾಸ್ತಿಯಾದಷ್ಟೂ ಕುಣಿತ ನಿಧಾನವಾಗುತ್ತದೆ. ತೂಕ ಎರಡರಷ್ಟಾದರೆ ಕುಣಿತದ ವೇಗ ಸುಮಾರು ಶೇ. 30 ತಗ್ಗುತ್ತದೆ. ನಿಧಾನದ ಕುಣಿತ ಮೈಗೆ ಹಿತ, ಚುರುಕಿನದು ಸೊಂಟಕ್ಕೆ ಕೇಡು. ಸ್ಪ್ರಿಂಗ್ ಗಟ್ಟಿ ಮಾಡಿದರೆ ಖಾಲಿ ಕಾರಿನ ಚುರುಕು ಇನ್ನೂ ಹೆಚ್ಚುತ್ತದೆ.

ಖಾಲಿ ಸಾರಿಗೆ ಬಸ್ಸಿನ ಕೊನೇ ಸೀಟಿನಲ್ಲಿ ಕೂತು ಮಂಡ್ಯದಿಂದ ಬಂದವರಿಗೆ ಇದು ಅರ್ಥವಾಗುತ್ತದೆ. ಅದರ ಪಟ್ಟಿ ಸ್ಪ್ರಿಂಗ್ ಮಾಡಿರುವುದು ತುಂಬಿದ ಬಸ್ಸಿಗೆ, ಹತ್ತು ಜನಕ್ಕೆ ಅದು ಬಗ್ಗುವುದೇ ಇಲ್ಲ. ಮೇಲಾಗಿ ಕೊನೇ ಸೀಟು ಇರುವುದು ಹಿಂದಿನ ಚಕ್ರಕ್ಕಿಂತ ಆಚೆ. ಐರಾವತದಲ್ಲಿ ಈ ಪಾಡು ಕಡಿಮೆ, ಯಾಕೆಂದರೆ ಅದರಲ್ಲಿ ಇರುವುದು ಗಾಳಿಯ ಬುಗ್ಗೆ. ಜನ ಹತ್ತಿದಂತೆ ವಾಲ್ವು ಗಾಳಿ ತುಂಬುತ್ತದೆ, ಇಳಿದಂತೆ ಬಿಡುತ್ತದೆ. ಖಾಲಿ ಇದ್ದರೂ ತುಂಬಿದ್ದರೂ ಬಸ್ಸಿನ ಎತ್ತರ ಒಂದೇ, ಕುಣಿತವೂ ಹೆಚ್ಚುಕಡಿಮೆ ಒಂದೇ. ಆ ಸೌಕರ್ಯ ನಿಮ್ಮ ಸ್ವಿಫ್ಟಿಗಿಲ್ಲ. ಒರಿಜಿನಲ್ ಸ್ಪ್ರಿಂಗ್ ಜೋಡಿ ಹಾಕಿಸಿ, ಮೂರು ಜನ ಹಿಂದೆ ಕೂತ ದಿನ ಹಂಪಿನಲ್ಲಿ ಫಸ್ಟ್ ಗೇರಿಗೆ ಬನ್ನಿ.