ಸಿಗ್ನಲ್ 11: ಕಂಪೈಲ್ ನಡುವ ಜಿಸಿಸಿ ಯಾಕ ಬೀಳ್ತದ?

ಫ್ರೀಬಿಎಸ್‌ಡಿ ಇರ್ಲಿ, ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಇರ್ಲಿ, ಇಡೀ ಸಿಸ್ಟಮ್ ಸೋರ್ಸ್‌ನಿಂದ ಕಟ್ಟುವಾಗ ‘ಸೆಗ್ಮೆಂಟೇಶನ್ ಫಾಲ್ಟ್’ (ಇದೇ ಸಿಗ್ನಲ್ 11) ಅಂತ ಕಂಪೈಲರ್ (ಲಿನಕ್ಸ್‌ನಾಗ ಸಾಮಾನ್ಯವಾಗಿ ಜಿಸಿಸಿ) ಸತ್ರ, ಏನೂ ಬದಲಿಸದೆ ಮತ್ತ ಮೇಕ್, ಅಂದ್ರ ಕಟ್ಟೋ ಕಮಾಂಡ್, ಕೊಡ್ರಿ. ಆ ಫೈಲ್ ದಾಟಿ ಬ್ಯಾರೆ ಕಡೆ ಬಿದ್ರ ಹಾರ್ಡ್‌ವೇರ್ ಮ್ಯಾಲೆ ಅನುಮಾನ: ರ‍್ಯಾಮ್, ಬಿಸಿ, ಪವರ್ ಸಪ್ಲೈ, ಓವರ್‌ಕ್ಲಾಕ್. ಅದೇ ಸಾಲಿನಾಗ ಬಿದ್ರ ಸೋರ್ಸ್ ಇಲ್ಲಾ ಕಂಪೈಲರ್ ಮ್ಯಾಲೆ.

‘ಕಿಲ್ಡ್’ ಅಂತ ಬಂದ್ರ ಅದು ಸಿಗ್ನಲ್ 9, ಕಥಿ ಬ್ಯಾರೆ. ಸಾಮಾನ್ಯವಾಗಿ ಮೆಮೊರಿ ಸಾಲದೆ ಕರ್ನಲ್ಲೇ (ಸಿಸ್ಟಮ್‌ನ ತಿರುಳು) ಕೊಂದಿರ್ತದ. ಡಿಮೆಸೇಜ್ (ಕರ್ನಲ್ ಬರೆದಿಟ್ಟ ಸಂದೇಶ) ನೋಡ್ರಿ, ಮೇಕ್‌ನ ಜೆ ಸಂಖ್ಯೆ (ಒಮ್ಮೆಗೆ ನಡೆಯೋ ಕೆಲಸಗಳ ಲೆಕ್ಕ) ಇಳಿಸ್ರಿ.

ಬ್ರೌಸರ್, ವಿಡಿಯೊ ಛಲೋ ನಡೀತಾವ, ಜಿಸಿಸಿ ಒಂದೇ ಯಾಕ ಬೀಳ್ತದ? ವಿಡಿಯೊದಾಗ ಒಂದು ಬಿಟ್ ತಿರುಗಿದ್ರ ಒಂದು ಚುಕ್ಕಿಯ ಬಣ್ಣ ಕೆಡಬಹುದು, ಯಾರಿಗೂ ಕಾಣಂಗಿಲ್ಲ. ಜಿಸಿಸಿ ಒಳಗ ತುಂಬಿರೋದು ಪಾಯಿಂಟರ್, ಅಂದ್ರ ಮೆಮೊರಿ ವಿಳಾಸ. ಅದರಾಗ ಒಂದು ಬಿಟ್ ತಿರುಗಿದ್ರ ಇಲ್ಲದ ವಿಳಾಸಕ್ಕ ಕೈ ಹಾಕ್ತದ, ಕರ್ನಲ್ ಸಿಗ್ನಲ್ 11 ಕಳಸ್ತದ.

ತಲಿ ತಿನ್ನೋದು ಮುಂದಿಂದು. ರ‍್ಯಾಮ್ ಕೆಟ್ಟಿದ್ರೂ ಎರರ್ ಪ್ರತಿ ಸಲ ಅದೇ ಸಾಲಿನಾಗ ಬರಬಹುದು! ಕಾರಣ ಪೇಜ್ ಕ್ಯಾಶ್. ಡಿಸ್ಕಿನಿಂದ ಒಮ್ಮೆ ಓದಿದ ಫೈಲನ್ನ ಲಿನಕ್ಸ್ ರ‍್ಯಾಮ್‌ನಾಗೇ ಇಟ್ಕೊಂಡು, ಮುಂದಿನ ಸಲ ಅಲ್ಲಿಂದಲೇ ಕೊಡ್ತದ. ಒಂದು ಹೆಡರ್ ಫೈಲ್ ಕೆಟ್ಟ ಜಾಗದಾಗ ಕುಂತದ ಅನ್ರಿ. ಸಣ್ಣ ‘ಐ’ ಅಕ್ಷರದ ಆಸ್ಕಿ ಸಂಖ್ಯೆ 105. ಅದರ ಕೊನೆಯ ಬಿಟ್ 1 ಇದ್ದದ್ದು 0 ಆದ್ರ 104, ಅಂದ್ರ ‘ಎಚ್’. ‘ಐ ಎನ್ ಟಿ’ ಹೋಗಿ ‘ಎಚ್ ಎನ್ ಟಿ’ ಆಯ್ತು. ಕಂಪೈಲರ್ ‘ಈ ಟೈಪ್ ಗೊತ್ತಿಲ್ಲ’ ಅಂತದ, ಹತ್ತು ಸಲ ಓಡಿಸಿದ್ರೂ ಅದೇ ಮಾತು. ಡಿಸ್ಕಿನ ಮ್ಯಾಲಿನ ಫೈಲ್ ಮಾತ್ರ ಸರಿ ಅದ. ಕಂಪೈಲರ್‌ನ ಬೈನರಿಯೂ ಹಿಂಗೇ ಕ್ಯಾಶ್‌ನಾಗ ಕೆಡಬಹುದು.

ಅದಕ್ಕ ಆ ಫೈಲಿನ ಎಸ್‌ಎಚ್‌ಎ256 ಮೊತ್ತ (ಫೈಲಿನ ಬೆರಳಚ್ಚು ಇದ್ದಂಗ) ಬರಕೊಳ್ರಿ. ಕ್ಯಾಶ್ ಖಾಲಿ ಮಾಡಾಕ ಸಿಂಕ್ ಕಮಾಂಡ್ ಕೊಟ್ಟು, ರೂಟ್ ಆಗಿ ಪ್ರಾಕ್, ಸಿಸ್, ವಿಎಂ ಒಳಗಿನ ‘ಡ್ರಾಪ್ ಕ್ಯಾಶಸ್’ ಫೈಲಿಗೆ 3 ಬರೀರಿ. ಇಲ್ಲಾ ಸೀದಾ ರೀಬೂಟ್ ಮಾಡ್ರಿ. ಮತ್ತ ಮೊತ್ತ ತೆಗೀರಿ. ಮುಟ್ಟದ ಫೈಲಿನ ಮೊತ್ತ ಬದಲಾಗಿದ್ರ ಸೋರ್ಸ್ ಓದ್ತಾ ಕೂಡೋದು ಬಿಡ್ರಿ.

ಮೊದಲು ಬಯಾಸ್‌ನಾಗ ಎಕ್ಸ್‌ಎಂಪಿ (ರ‍್ಯಾಮ್ ವೇಗ ಏರಿಸೋ ಸೆಟ್ಟಿಂಗ್) ಬಂದ್ ಮಾಡಿ ನೋಡ್ರಿ. ಆಮ್ಯಾಲೆ ಮೆಮ್‌ಟೆಸ್ಟ್86+ (ಮೆಮೊರಿ ಪರೀಕ್ಷಿಸೋ ಪ್ರೋಗ್ರಾಂ), ಒಂದೊಂದೇ ರ‍್ಯಾಮ್ ಸ್ಟಿಕ್ ಇಟ್ಟು. ಒಂದೇ ಒಂದು ಎರರ್ ಬಂದ್ರೂ ಆ ಸ್ಟಿಕ್ ನಂಬಬ್ಯಾಡ್ರಿ. ಕಲಬುರಗಿಯಾಗ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟಿರ್ತದ. ರಾತ್ರಿ ಕೂಲರ್ ಮುಂದ ಪಾಸಾದ ಟೆಸ್ಟ್ ಲೆಕ್ಕಕ್ಕಿಲ್ಲ, ಮಧ್ಯಾಹ್ನ ಮೂರಕ್ಕ ಓಡಿಸ್ರಿ. ಅದೂ ಪಾಸಾಗಿ, ಕಂಪೈಲ್ ಮಾತ್ರ ಬೀಳ್ತಿದ್ರ ಸಿಪಿಯು ಬಿಸಿ ನೋಡ್ರಿ. ಫ್ಯಾನಿನ ಧೂಳು ಝಾಡಿಸಿದ್ರೇ ಎಷ್ಟೋ ಸಲ ಮುಗೀತದ.

ರ‍್ಯಾಮ್ ಬದಲಿಸಿದ ಮ್ಯಾಲೆ ನಿಂತಲ್ಲಿಂದ ಮುಂದುವರಿಸಬ್ಯಾಡ್ರಿ. ಎರರ್ ಇಲ್ಲದೆ ಮುಗಿದ ಆಬ್ಜೆಕ್ಟ್ ಫೈಲಿನಾಗೂ (ಕಂಪೈಲ್ ಆಗಿ ಬಂದ ಫೈಲ್) ತಪ್ಪು ಬಿಟ್ ಕುಂತಿರಬಹುದು. ಮೇಕ್ ಕ್ಲೀನ್ ಕೊಟ್ಟು ಮೊದಲಿಂದ ಹಚ್ಚ್ರಿ; ಟಾರ್‌ಬಾಲ್ (ಸೋರ್ಸ್‌ನ ಗಂಟು) ಬಿಚ್ಚಿದ್ದೂ ಅದೇ ರ‍್ಯಾಮ್‌ನಾಗ ಆಗಿದ್ರ, ಅದನ್ನೂ ಅಳಿಸಿ ಮತ್ತ ಬಿಚ್ಚ್ರಿ.