ಒಂದು ಸಾಲು ಗಿಡ ಹಾಕಿದರೆ ಸದ್ದು ನಿಲ್ಲುವುದಿಲ್ಲ

ಚೌಕವೋ ಉದ್ಯಾನವೋ ಮಾಡಿಸಲು ನಕ್ಷೆ ಹಾಕುವ ನಮ್ಮ ಹತ್ತಿರ ಬರುವವರು ಮೊದಲು ಕೇಳುವುದು ಚಿತ್ರವನ್ನು. ಕಂಪ್ಯೂಟರಿನಲ್ಲಿ ತೆಗೆದ ಬಣ್ಣದ ಹಾಳೆ ಮೇಜಿನ ಮೇಲೆ ಬಿದ್ದರೆ ಎಲ್ಲರ ತಲೆಯೂ ಒಟ್ಟಿಗೆ ಆಡುತ್ತದೆ. ಆ ಹಾಳೆಯಲ್ಲಿ ಹಾರ್ನ್ ಕೇಳಿಸದು, ಕಾದ ಕಬ್ಬಿಣದ ಬೆಂಚು ತೊಡೆ ಸುಡದು, ಚರಂಡಿ ನಾತದ ಸುದ್ದಿಯೇ ಇಲ್ಲ.

ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಈ ಮಾತು: "ರಸ್ತೆ ಬದಿಗೆ ಒಂದು ಸಾಲು ಗಿಡ ಹಾಕಿಬಿಡಿ ಸಾರ್, ಸದ್ದು ಬರಲ್ಲ."

ಬರುತ್ತದೆ. ಒಂದು ಸಾಲು ಗಿಡ ಮರೆಮಾಡುವುದು ವಾಹನವನ್ನು, ಸದ್ದನ್ನಲ್ಲ. ಎಲೆಗಳ ಸಂದಿಯಲ್ಲಿ ಗಾಳಿ ನುಸುಳುವಷ್ಟೇ ಸಲೀಸಾಗಿ ಸದ್ದೂ ನುಸುಳುತ್ತದೆ. ಆಚೆ ಬದಿ ಕಾಣದಷ್ಟು ದಟ್ಟವಾಗಿ, ಎತ್ತರವಾಗಿ, ಸುಮಾರು 60 ಮೀಟರ್ ಅಗಲಕ್ಕೆ ತೋಪು ಬೆಳೆಸಿದರೆ ಸದ್ದಿನ ಅಳತೆಯಲ್ಲಿ 10 ಡೆಸಿಬೆಲ್ ಇಳಿದೀತು. ಕಿವಿಗೆ ಅದು ಅರ್ಧಕ್ಕರ್ಧ ತಗ್ಗಿದ ಹಾಗೆ. ಆದರೆ ನಮ್ಮ ಹತ್ತಿರ ಬರುವ ಎಷ್ಟೋ ಜಾಗಗಳ ಒಟ್ಟು ಅಗಲವೇ ಅಷ್ಟಿರುವುದಿಲ್ಲ. ಸಂದಿಯಿಲ್ಲದ ಗೋಡೆಯಾದರೆ ಬೇರೆ ಮಾತು: ವಾಹನಕ್ಕೂ ಕೂತವರ ಕಿವಿಗೂ ನಡುವಿನ ನೇರ ಗೆರೆಯನ್ನು ಕಡಿಯುವಷ್ಟು ಎತ್ತರವಿದ್ದರೂ ಸಾಕು, 5 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಹಾಗಂತ ಗೋಡೆ ಎಬ್ಬಿಸಿದರೆ ದಾರಿಹೋಕರ ಕಣ್ಣು ಒಳಗೆ ಬೀಳುವುದಿಲ್ಲ. ಕತ್ತಲಾದ ಮೇಲೆ ಒಂಟಿ ಹೆಂಗಸರು ಅತ್ತ ಸುಳಿಯಲು ಹಿಂಜರಿಯುತ್ತಾರೆ.

ಗಿಡ ಬೇಡ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಬರೆದುಕೊಳ್ಳಬೇಡಿ. ಹಸಿರು ಕಣ್ಣಿಗೆ ಬಿದ್ದರೆ ಕೆಲವರಿಗೆ ಅದೇ ಸದ್ದಿನ ಕಿರಿಕಿರಿ ಕಡಿಮೆ ಅನ್ನಿಸುವುದುಂಟು. ಸದ್ದು ಅಳೆಯುವ ಮೀಟರ್ ಮಾತ್ರ ಒಪ್ಪುವುದಿಲ್ಲ.

ಜಾಗ ಚಿಕ್ಕದಾಗಿದ್ದರೆ ನಾನು ಹೇಳುವುದು ನೀರು. ನ್ಯೂಯಾರ್ಕ್‌ನಲ್ಲಿ 1967ರಲ್ಲಿ ತೆರೆದ ಪೇಲಿ ಪಾರ್ಕ್ ಅಂಗೈಯಗಲದ ಜಾಗ. ಹಿಂಬದಿಯ ಗೋಡೆಯಿಂದ 20 ಅಡಿ ಎತ್ತರದ ಜಲಪಾತ ಸುರಿಯುತ್ತದೆ. ಅದು ಬೀದಿಯ ಸದ್ದನ್ನು ಇಳಿಸುವುದಿಲ್ಲ, ತನ್ನದನ್ನೂ ಸೇರಿಸುತ್ತದೆ. ಆದರೆ ಕಿವಿ ಹಾರ್ನ್ ಬಿಟ್ಟು ನೀರನ್ನು ಹಿಡಿಯುತ್ತದೆ. ಕೂರುವವರ ಹತ್ತಿರ ಇದ್ದರೆ ಮಾತ್ರ.

ನಾನೇ ನಕ್ಷೆ ಹಾಕಿದ ಒಂದು ಚೌಕದಲ್ಲಿ ಫೋಟೋಗೆ ಚೆನ್ನಾಗಿರಲಿ ಅಂತ ಕಾರಂಜಿಯನ್ನು ನಟ್ಟನಡುವೆ ಇಡಿಸಿದರು, ಬೆಂಚುಗಳನ್ನೆಲ್ಲ ರಸ್ತೆ ಅಂಚಿಗೆ ತಳ್ಳಿದರು. ನಾನೂ ಒಪ್ಪಿದೆ, ತಪ್ಪು ನನ್ನದೂ ಹೌದು. ಒಂದು ಸಂಜೆ ನೋಡೋಣ ಅಂತ ಹೋದೆ. ಬೆಂಚುಗಳು ಖಾಲಿ. ಬಿಳಿ ಕೋಲು ಹಿಡಿದ ಹಿರಿಯರೊಬ್ಬರು ಕಾರಂಜಿಯ ಕಟ್ಟೆ ಮೇಲೆ, ಹನಿ ಸಿಡಿಯುವಲ್ಲೇ ಕೂತಿದ್ದರು.

"ಅಂಗಿ ಒದ್ದೆಯಾಗ್ತಿದೆಯಲ್ಲ, ಯಜಮಾನರೇ?"

"ಆಗ್ಲಿ ಬಿಡಿ. ಇಲ್ಲಿ ಕೂತ್ರೆ ನೀವೊಬ್ರೇ ಕೇಳಿಸ್ತೀರಿ. ಅಲ್ಲಿ ಕೂತ್ರೆ ಊರೆಲ್ಲ ಕೇಳಿಸುತ್ತೆ."

ನೆಲದ ಕಲ್ಲಿಗೆ ಪಾಲಿಶ್ ಕೊಟ್ಟದ್ದಕ್ಕೂ ಬೈದರು: ಎಲ್ಲಿ ಕುಟ್ಟಿದರೂ ಒಂದೇ ಸದ್ದು, ದಾರಿ ಯಾವುದು ಅಂಗಳ ಯಾವುದು ಅಂತ ಕೋಲಿಗೆ ತಿಳಿಯುವುದಿಲ್ಲವಂತೆ. ನಾನು ಏನೋ ಸಮಜಾಯಿಷಿ ಹೇಳುತ್ತಿದ್ದೆ. ಅಷ್ಟರಲ್ಲಿ ಕಾವಲುಗಾರ ಬಂದು, ಹೊತ್ತಾಯಿತೆಂದು ಪಂಪ್ ಆಫ್ ಮಾಡಿದ. ಹಿರಿಯರು ಥಟ್ಟನೆ ತಲೆ ಎತ್ತಿದರು.

"ನಿಲ್ಲಿಸಿಬಿಟ್ರಾ? ಸರಿ, ಇನ್ನು ಗೇಟು ಯಾವ ಕಡೆ ಅಂತ ನೀವೇ ಹೇಳ್ಬೇಕು."