ಉಪ್ಪು, ಹಿಟ್ಟು ಮತ್ತು ನಾರ್ತ್ ಕೆರೊಲಿನಾ

ಅಮೆರಿಕದ ಅಂತರ್ಯುದ್ಧದ ಪಾಠ ಮಾಡುವಾಗ ಹುಡುಗರು ಲಿಂಕನ್, ಜನರಲ್ ಲೀ, ಗೆಟಿಸ್‌ಬರ್ಗ್ ಅಂತ ಕೇಳುತ್ತಾರೆ. ನಾನು ಮೊದಲು ಒಂದು ಅರ್ಜಿಯ ಕಥೆ ಹೇಳುತ್ತೇನೆ. ನಾರ್ತ್ ಕೆರೊಲಿನಾದ ಸಾಲ್ಸ್‌ಬರಿಯಿಂದ ಮೇರಿ ಮೂರ್ ಎಂಬಾಕೆ ಗವರ್ನರ್ ಜೆಬುಲಾನ್ ವ್ಯಾನ್ಸ್‌ಗೆ ಬರೆದದ್ದು ಅದು.

1863ರ ಮಾರ್ಚ್ 18ರಂದು ಅಲ್ಲಿ ಸುಮಾರು 50 ಹೆಂಗಸರು ಕೊಡಲಿ ಹಿಡಿದು ಅಂಗಡಿಗಳಿಗೆ ನುಗ್ಗಿದರು. ಹೆಚ್ಚಿನವರ ಗಂಡಂದಿರು ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಬೇರೆಯಾದ ದಕ್ಷಿಣ ರಾಜ್ಯಗಳ ಸೈನ್ಯದಲ್ಲಿದ್ದರು. 20 ಗುಲಾಮರಿದ್ದ ತೋಟಕ್ಕೆ ಒಬ್ಬ ಬಿಳಿಯನಿಗೆ ಸೈನ್ಯದಿಂದ ವಿನಾಯಿತಿ ಸಿಗುತ್ತಿತ್ತು, ಇವರ ಮನೆಗೆ ಯಾವ ವಿನಾಯಿತಿಯೂ ಇರಲಿಲ್ಲ. ವರ್ತಕರು ಹಿಟ್ಟು ಬಚ್ಚಿಟ್ಟು ಬೆಲೆ ಏರಿಸುತ್ತಿದ್ದಾರೆ ಎಂಬ ಸಿಟ್ಟು ಬೇರೆ. ಸರ್ಕಾರಕ್ಕೆ ಕೊಡುವ ದರಕ್ಕೇ ನಮಗೂ ಕೊಡಿ ಎಂದರು. ಒಬ್ಬ ಆಗಲ್ಲ ಎಂದ. ಬಾಗಿಲಿಗೆ ಕೊಡಲಿ ಏಟು ಬಿದ್ದದ್ದೇ ತಡ, 10 ಪೀಪಾಯಿ ಹಿಟ್ಟು ಹೊರಬಂತು! ಬೇರೆ ಅಂಗಡಿಗಳಲ್ಲಿ ಇನ್ನಷ್ಟು ಹಿಟ್ಟು, ಕಾಕಂಬಿ, ಉಪ್ಪು ಸಿಕ್ಕಿತು. ತಮಗೆ ಬೇರೆ ದಾರಿಯೇ ಇರಲಿಲ್ಲ ಎಂದು ಮೇರಿ ಬರೆದಳು.

ಉಪ್ಪಿಗೇನು ಅಷ್ಟು ಬೆಲೆ ಅಂತೀರಾ? ಫ್ರಿಜ್ ಇಲ್ಲದ ಕಾಲ. ಕಡಿದ ಹಂದಿಯ ಮಾಂಸಕ್ಕೆ ಉಪ್ಪು ಹಾಕದಿದ್ದರೆ ಮನೆಯವರಿಗೆ ಮುಂದಿನ ತಿಂಗಳುಗಳಲ್ಲಿ ಊಟವಿಲ್ಲ. ಉತ್ತರದವರ ಹಡಗುಗಳು ಬಂದರುಗಳನ್ನು ಕಾಯುತ್ತಿದ್ದುದರಿಂದ ಹೊರಗಿನ ಉಪ್ಪು ಬರುವುದೂ ಕಷ್ಟ. ಅದೇ ಜನವರಿಯಲ್ಲಿ ಬೆಟ್ಟಸೀಮೆಯ ಶೆಲ್ಟನ್ ಲಾರೆಲ್ ಕಣಿವೆಯ ಕಡೆಯವರು ಮಾರ್ಷಲ್ ಪಟ್ಟಣಕ್ಕೆ ನುಗ್ಗಿ ಉಪ್ಪು ಹೊತ್ತೊಯ್ದಿದ್ದರು. ಆ ಕಣಿವೆಯಲ್ಲಿ ಉತ್ತರದ ಪರ ಇದ್ದವರು ಜಾಸ್ತಿ. ಸೇಡಿಗೆ ಬಂದದ್ದು ದಕ್ಷಿಣದ ಸೈನ್ಯದಲ್ಲಿದ್ದ ಅದೇ ರಾಜ್ಯದ 64ನೇ ರೆಜಿಮೆಂಟ್. ಅವಿತಿದ್ದವರ ಸುಳಿವಿಗಾಗಿ ಹೆಂಗಸರನ್ನು ಹಿಂಸಿಸಿದರು. ವಿಚಾರಣೆಗೆಂದು ಹಿಡಿದೊಯ್ದ 13 ಜನರನ್ನು ದಾರಿಯಲ್ಲೇ ಗುಂಡಿಟ್ಟು ಕೊಂದರು. ಅವರಲ್ಲಿ ಒಬ್ಬ ಹುಡುಗನಿಗೆ 13 ವರ್ಷ.

ಇಂಥ ಅರ್ಜಿಗಳನ್ನಷ್ಟೇ ನಂಬಿ ಕೂತರೂ ಮೋಸ ಹೋಗುತ್ತೇವೆ. ರಾಜ್ಯದ ಮೂರನೇ ಒಂದು ಪಾಲು ಜನ ಗುಲಾಮರು. ಅವರಿಗೆ ಅಕ್ಷರ ಕಲಿಸುವುದನ್ನು 1830ರ ದಶಕದಿಂದಲೇ ಕಾನೂನು ತಡೆದಿತ್ತು. ಗವರ್ನರ್‌ಗೆ ಅವರು ಅರ್ಜಿ ಬರೆಯುವುದೆಲ್ಲಿಂದ ಬಂತು? ಇದೇ ರಾಜ್ಯದಲ್ಲಿ ಗುಲಾಮನಾಗಿದ್ದ ಏಬ್ರಹಾಂ ಗ್ಯಾಲೋವೇ ಹಡಗಿನಲ್ಲಿ ಅಡಗಿ ಉತ್ತರಕ್ಕೆ ಓಡಿಹೋದ. ಯುದ್ಧದಲ್ಲಿ ಉತ್ತರದವರ ಗೂಢಚಾರನಾಗಿ ಮರಳಿದ. ಉತ್ತರದವರ ವಶದಲ್ಲಿದ್ದ ಇದೇ ರಾಜ್ಯದ ನ್ಯೂ ಬರ್ನ್ ಪಟ್ಟಣದಲ್ಲಿ ಕಪ್ಪು ಸೈನಿಕರ ಭರ್ತಿಗೆ ಮುಂಚೆ ಅಧಿಕಾರಿಗಳ ಜೊತೆ ಷರತ್ತು ಹಾಕಿ ಚೌಕಾಸಿ ಮಾಡಿದ. 1868ರಲ್ಲಿ ರಾಜ್ಯ ಸೆನೆಟ್‌ಗೆ ಗೆದ್ದ. ಅವನಿಗೆ ಓದುಬರಹ ಬರುತ್ತಿರಲಿಲ್ಲ. ಹಾಗಾಗಿ ಅವನ ಬಗ್ಗೆ ತಿಳಿಯಬೇಕಾದರೆ ಸೇನಾಧಿಕಾರಿಗಳ ನೆನಪು, ಅಂದಿನ ಪತ್ರಿಕೆಗಳನ್ನು ತಡಕಬೇಕು. ಅವನನ್ನು ಕಂಡರಾಗದ ಪತ್ರಿಕೆಗಳನ್ನೂ ಬಿಡುವಂತಿಲ್ಲ.